ಯಾರೂ ಕೊಡದ ಉಸಿರು

ಪೈನ್ ಲ್ಯಾಂಡಿಂಗ್, ಮಿಷಿಗನ್
೧೯ ಆಗಸ್ಟ್

ಪ್ರಿಯ ಬ್ರೀಟಾ,

ನಿನಗೆ ತಿಳಿದಿರಬೇಕಾದ ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ.

೧. ಕಾಗದದ ಗಿರಣಿ ಫೆಬ್ರವರಿಯಲ್ಲಿ ಮುಚ್ಚಿತು. ಇದು ನಿನಗೆ ಗೊತ್ತು. ಆದರೆ ನಾನಾಗಿ ಹೇಳಿರಲಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.

೨. ಕವಾಟ, ಮೀಟರು, ಒತ್ತಡಮಾಪಕಗಳಲ್ಲಿ ನನಗಿರುವ ಮೂವತ್ತು ವರ್ಷದ ಅನುಭವ ಈ ಸುತ್ತಮುತ್ತ ಯಾರಿಗೂ ಬೇಕಾಗಿಲ್ಲ. ಬೇಕಾದವರು ವಿಸ್ಕಾನ್ಸಿನ್‌ನಲ್ಲಿದ್ದಾರೆ. ನಿನ್ನ ಅಮ್ಮ ವಿಸ್ಕಾನ್ಸಿನ್‌ಗೆ ಬರುವುದಿಲ್ಲ.

೩. ಪದವಿಯಿಲ್ಲದ ವಯಸ್ಕರು ತಮ್ಮ ಸೀಮೆಯ ಸಮುದಾಯ ಕಾಲೇಜಿಗೆ ಸೇರಿ ಒಂದು ಉದ್ಯೋಗ ಕಲಿಯುವುದಾದರೆ, ಅವರ ಶುಲ್ಕವನ್ನು ರಾಜ್ಯವೇ ಭರಿಸುತ್ತದೆ. ವಯಸ್ಸಿಗೆ ಮೇಲ್ಮಿತಿ ಇಲ್ಲ. ನಡುವೆ ಬಿಟ್ಟರೆ ನೆರವು ನಿಲ್ಲುತ್ತದೆ.

೪. ನನಗೆ ಪದವಿ ಇಲ್ಲ. ಗಿರಣಿಯೇ ಕಲಿಸಿ ಗಿರಣಿಯೇ ಕೊಟ್ಟ ಪ್ರಮಾಣಪತ್ರವನ್ನು ಯಾವ ಕಾಲೇಜೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದಲೇ ನಾನು ಈ ನೆರವಿಗೆ ಅರ್ಹ.

೫. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಕಾಲೇಜು ಸೇರಿದ್ದೇನೆ. ಮುಂದಿನ ಸೋಮವಾರ ತರಗತಿ ಆರಂಭ.

೬. ಎಲ್ಲರೂ ಭಾವಿಸಿರುವಂತೆ ಅದು ವೆಲ್ಡಿಂಗ್ ಅಲ್ಲ, ಉಸಿರಾಟದ ಚಿಕಿತ್ಸೆ. ತಾವಾಗಿ ಉಸಿರಾಡಲಾರದ ರೋಗಿಗಳಿಗೆ ಯಂತ್ರದಿಂದ ಉಸಿರು ಕೊಡುವ, ಸಾಧ್ಯವಾದಾಗ ಆ ಯಂತ್ರದಿಂದ ಬಿಡಿಸುವ ಕೆಲಸ. ಎರಡು ವರ್ಷದ ಓದು.

ಇನ್ನೊಂದು ಸಂಗತಿಗೆ ಅಂಕಿ ಹಾಕಲು ಆಗಲಿಲ್ಲ. ಶುಲ್ಕದ ಚೀಟಿಯನ್ನು ಕೈಗೆ ಕೊಟ್ಟಾಗ ಅದರ ಕೊನೆಯ ಸಾಲಿನಲ್ಲಿ ಸೊನ್ನೆ ಇತ್ತು. ಎಲ್ಲೋ ತಪ್ಪಾಗಿದೆ ಎಂದುಕೊಂಡು ಕಾರಿನವರೆಗೆ ಹೋದವನು ಹಿಂದಿರುಗಿ ಕಿಟಕಿಯಲ್ಲಿ ಕೇಳಿದೆ. ಅಲ್ಲಿ ಕೂತಿದ್ದ ಹೆಂಗಸು ಕನ್ನಡಕ ಏರಿಸಿ ನೋಡಿದರು.

"ತಪ್ಪಿಲ್ಲ ಸರ್. ನಿಮ್ದು ಕಟ್ಟಿಯಾಗಿದೆ."

"ಯಾರು ಕಟ್ಟಿದ್ದು?"

"ಎಲ್ರೂ," ಎಂದರು. ನಾನು ಅಲ್ಲೇ ನಿಂತಿದ್ದನ್ನು ನೋಡಿ, "ನಾನೂ ಸೇರಿ. ಪ್ರತಿ ಸಂಬಳದಲ್ಲೂ ತೆರಿಗೆ ಹಿಡೀತಾರಲ್ಲ, ಅದೇ. ಅದಕ್ಕೇ ಸ್ವಲ್ಪ ಚೆನ್ನಾಗಿ ಓದಿ" ಎಂದು ನನ್ನ ಹಿಂದೆ ನಿಂತಿದ್ದವರನ್ನು ಕರೆದರು.

ರಾಜಧಾನಿ ಲ್ಯಾನ್ಸಿಂಗನ್ನು ನಾನು ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿದ್ದೇನೆ. ನನ್ನ ಹೆಸರು ಕೇಳಿರದ ಜನ ಅಲ್ಲಿಯ ಶಾಸನಸಭೆಯಲ್ಲಿ ಕೂತು, ನನ್ನಂಥವನೊಬ್ಬ ಇನ್ನೂ ಕಲಿಯಬಲ್ಲ ಎಂದು ಕೈಯೆತ್ತಿದ್ದಾರೆ. ನನ್ನನ್ನು ಬಲ್ಲವರಲ್ಲಿ ಹಾಗೆ ಹೇಳಿದವರು ಯಾರೂ ಇಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ರೇಡಿಯೊ ಹಾಕಲಿಲ್ಲ.

ನಿನ್ನ ಅಮ್ಮ ಕೊಟ್ಟ ವಿಳಾಸದಲ್ಲಿ ಹಡಗಿನ ಹೆಸರು, ಅದರ ಕೆಳಗೆ ಡೆಟ್ರಾಯಿಟ್ ನದಿಯ ಅಂಚೆ ಎಂದಷ್ಟೇ ಇದೆ. ಇದು ನಿನ್ನನ್ನು ತಲುಪುತ್ತದೆಂದು ನಂಬಿ ಕಳಿಸುತ್ತಿದ್ದೇನೆ.

ನಿನ್ನ ತಂದೆ,
ಡಿ. ಆರ್. ಪೆಲ್ಟೋನೆನ್


ಹೆನ್ರಿ ವಾಲ್‌ಗ್ರೆನ್ ಹಡಗಿನಿಂದ
೬ ಸೆಪ್ಟೆಂಬರ್

ಅಪ್ಪಾ,

ನಿನ್ನ ಕಾಗದ ಬಕೆಟ್ಟಿನಲ್ಲಿ ಬಂತು. ನಿಜವಾದ ಬಕೆಟ್ಟು! ಡೆಟ್ರಾಯಿಟ್ ಹತ್ತಿರ ನಾವು ಹಡಗು ನಿಲ್ಲಿಸಲ್ಲ. ಪುಟ್ಟ ಅಂಚೆದೋಣಿ ಬಂದು ಪಕ್ಕಕ್ಕೆ ಅಂಟಿಕೊಂಡು ಜೊತೆಗೇ ಓಡುತ್ತೆ, ನಾವು ಮೇಲಿಂದ ಹಗ್ಗದಲ್ಲಿ ಬಕೆಟ್ಟು ಬಿಡ್ತೀವಿ, ಅವರು ಕಾಗದ ತುಂಬಿ ಕೈ ಬೀಸ್ತಾರೆ. ಅವತ್ತು ಹಗ್ಗ ಎಳೆದವಳು ನಾನೇ. ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ, ಮೇಟ್ ಹ್ಯಾಲ್ವರ್ಸನ್, ಲಕೋಟೆ ತಿರುಗಿಸಿ ನೋಡಿ, "ಡಿ. ಆರ್. ಪೆಲ್ಟೋನೆನ್ ಅಂತೆ. ಬ್ಯಾಂಕಿನವರೇನೇ?" ಅಂದ. ಹೌದು ಅಂದೆ. ಮಗಳಿಗೆ ಬರೆಯುವಾಗ ಯಾರಾದರೂ ಇನಿಷಿಯಲ್ ಹಾಕ್ತಾರಾ ಅಪ್ಪಾ?

ಫೋನ್ ಮಾಡಬಹುದಿತ್ತು ನೀನು. ಮಾಡಿದ್ದರೆ ಇಬ್ಬರೂ ಮೋಡ, ಗಾಳಿ ಅಂತ ಎರಡು ಮಾತಾಡಿ ಅಮ್ಮನ ಕೈಗೆ ಕೊಟ್ಟುಬಿಡ್ತಿದ್ವಿ. ಕಾಗದವೇ ವಾಸಿ.

ಗಿರಣಿಯಲ್ಲಿ ನೀನು ನನಗಾಗಿ ಮಾತಾಡಿಟ್ಟಿದ್ದ ಕೆಲಸ ಬಿಟ್ಟು ನಾನು ಹಡಗು ಹತ್ತಿ ಎರಡು ವರ್ಷ ಆಯ್ತು. ಗಿರಣಿ ಮುಚ್ಚಿತು ಅಂತ ಗೊತ್ತಾದ ದಿನ ಫೋನ್ ಕೈಯಲ್ಲಿ ಹಿಡಿದುಕೊಂಡಿದ್ದೆ. ಏನು ಹೇಳಿದರೂ "ನಾನು ಹೇಳಿರಲಿಲ್ವಾ" ಅನ್ನೋ ಹಾಗೇ ಕೇಳಿಸುತ್ತೆ ಅನ್ನಿಸಿತು. ಜೇಬಿಗೆ ಹಾಕಿಕೊಂಡೆ. ಅಷ್ಟೇ. ಇದಕ್ಕೆ ನೀನು ಉತ್ತರ ಬರೆಯಬೇಡ.

ಬದಲಿಗೆ ಇದಕ್ಕೆ ಬರೆ: ಉಸಿರು ಯಾಕೆ? ಅಮ್ಮ ಎಷ್ಟು ಕೇಳಿದರೂ ನೀನು ಬಾಯಿ ಬಿಡಲಿಲ್ಲವಂತೆ. "ನಿಮ್ಮಪ್ಪಂಗೆ ಹುಚ್ಚೋ ಪ್ರೀತಿಯೋ, ಎರಡರಲ್ಲೊಂದು ಹತ್ತಿದೆ, ಪುಸ್ತಕಾನ ಊಟದ ಮೇಜಿಗೂ ತರ್ತಾನೆ" ಅಂದಳು.

ಈಗ ಸೂ ಲಾಕ್‌ಗಳ ಹತ್ತಿರ ಸರದಿ ಕಾಯ್ತಿದ್ದೀವಿ. ಲಾಕ್ ಅಂದರೆ ಎರಡೂ ತುದಿಗೆ ಗೇಟಿರೋ ದೊಡ್ಡ ನೀರಿನ ತೊಟ್ಟಿ, ಅದರೊಳಗೆ ನೀರು ತುಂಬಿದರೆ ಸುಪೀರಿಯರ್ ಸರೋವರಕ್ಕೆ ಏರ್ತೀವಿ. ಏರುವಾಗ ಇಷ್ಟು ದೊಡ್ಡ ಹಡಗು ಸದ್ದೇ ಮಾಡಲ್ಲ. ನಿನಗೆ ಹಿಡಿಸುತ್ತಿತ್ತು.

ಬ್ರೀಟಾ


ಪೈನ್ ಲ್ಯಾಂಡಿಂಗ್
೧೨ ಅಕ್ಟೋಬರ್

ಪ್ರಿಯ ಬ್ರೀಟಾ,

ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆಯುವುದು ತಡವಾಯಿತು. ಸರಿಯಾದ ಮಾತು ಸಿಗುವವರೆಗೆ ಕಾದೆ. ಸಿಕ್ಕಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ.

ಜುಲೈಯಲ್ಲಿ ಕಾಲೇಜಿಗೆ ಹೋದದ್ದು ವೆಲ್ಡಿಂಗಿಗೆ ಹೆಸರು ಬರೆಸಲೆಂದೇ. ಕಚೇರಿ ತೆರೆದಿರಲಿಲ್ಲ. ಮೊಗಸಾಲೆಯಲ್ಲಿ ಅಡ್ಡಾಡುತ್ತಿದ್ದಾಗ ಒಂದು ಬಾಗಿಲು ತೆರೆದಿತ್ತು. ಒಳಗೆ ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು ತಟ್ಟೆಯೊಂದನ್ನು ಮೇಜಿನ ಮೇಲಿಟ್ಟು ಕೈಗವಸು ಹಾಕಿಕೊಳ್ಳುತ್ತಿದ್ದರು. ಅವರ ಹೆಸರು ಒಡೆಟ್ ಲಾಷಾನ್ಸ್ ಎಂದು, ಈಗ ನನ್ನ ಅಧ್ಯಾಪಕಿ ಅವರೇ ಎಂದು ಆಗ ತಿಳಿದಿರಲಿಲ್ಲ. ತಟ್ಟೆಯಲ್ಲಿದ್ದದ್ದು ಕಟುಕರ ಅಂಗಡಿಯಿಂದ ತಂದ ಹಂದಿಯ ಶ್ವಾಸಕೋಶ. ಮಂಕು ಬಣ್ಣದ, ಚಪ್ಪಟೆಯಾದ, ಒದ್ದೆ ಮುದ್ದೆ. ಗಿರಣಿಯಲ್ಲಿ ಜಾಲರಿಯಿಂದ ಕೆರೆದು ಬಿಸಾಡುವ ಕಾಗದದ ತಿರುಳು ಹೀಗೇ ಇರುತ್ತದೆ.

"ಏನು ಬೇಕಿತ್ತು ನಿಮಗೆ?" ಎಂದರು.

"ವೆಲ್ಡಿಂಗ್."

"ಎದುರು ಕಟ್ಟಡ."

ನಾನು ಹೋಗಲಿಲ್ಲ. ಅವರು ಗಾಳಿನಾಳಕ್ಕೆ ಕೊಳವೆ ತೂರಿಸಿ, ಅದಕ್ಕೆ ಜೋಡಿಸಿದ ರಬ್ಬರಿನ ಚೀಲವನ್ನು ಒತ್ತಿದರು. ಬ್ರೀಟಾ, ಆ ಮುದ್ದೆ ಎದ್ದಿತು. ಮೊದಲು ಒಂದು ಅಂಚು, ಆಮೇಲೆ ಅದರ ಪಕ್ಕದ್ದು, ಮಂಕು ಬಣ್ಣ ಕರಗಿ ನಸುಗೆಂಪು ಹರಡುತ್ತ ಹರಡುತ್ತ, ತಟ್ಟೆ ತುಂಬಿ, ತಟ್ಟೆ ಮೀರಿ ಅರಳಿತು. ಚೀಲ ಬಿಟ್ಟಾಗ ನಿಧಾನವಾಗಿ ಇಳಿಯಿತು. ಎಲ್ಲೂ ಸದ್ದಿಲ್ಲ. ಮೂವತ್ತು ವರ್ಷ ಗಾಳಿ ನೂಕುವ ಯಂತ್ರಗಳ ನಡುವೆ ಇದ್ದವನು ನಾನು. ಸದ್ದಿಲ್ಲದೆ ನಡೆಯುವ ಒಂದನ್ನೂ ಕಂಡಿರಲಿಲ್ಲ.

"ಇನ್ನೊಂದ್ಸಲ ಮಾಡ್ತೀರಾ?" ಎಂದು ಕೇಳಿದೆ.

"ನೀವೇ ಮಾಡಿ," ಎಂದು ಚೀಲವನ್ನು ನನ್ನ ಕೈಗೆ ಕೊಟ್ಟರು.

ಆ ದಿನ ಅರ್ಥವಾಗದಿದ್ದದ್ದು ಈಗ ತರಗತಿಯಲ್ಲಿ ಅರ್ಥವಾಗುತ್ತಿದೆ. ಗಾಳಿ ಮತ್ತು ರಕ್ತದ ನಡುವಿನ ಗೋಡೆ, ನಾವು ತಯಾರಿಸಿದ ಅತಿ ತೆಳುವಾದ ಹಾಳೆಗಿಂತ ನೂರು ಪಟ್ಟು ತೆಳು ಎಂದರೆ ಹೆಚ್ಚು ಉತ್ಪ್ರೇಕ್ಷೆಯಲ್ಲ. ಅದನ್ನೆಲ್ಲ ಬಿಡಿಸಿ ಹಾಸಿದರೆ ನಮ್ಮ ಇಡೀ ಮನೆ, ಬಿಸಿ ಆವಿಯಲ್ಲಿ ಮೀಯುವ ಸೌನಾದ ಗುಡಿಸಲು ಸೇರಿ, ಮುಚ್ಚುವಷ್ಟು ಆಗುವುದಂತೆ. ಗಿರಣಿಯಲ್ಲಿ ನಮ್ಮೆಲ್ಲರ ಭಯ ಒಂದೇ ಇತ್ತು: ಹಾಳೆ ಹರಿಯುವುದು. ಎಷ್ಟು ಜಾಗರೂಕರಾಗಿದ್ದರೂ ಪಾಳಿಯಲ್ಲಿ ಒಮ್ಮೆಯಾದರೂ ಹರಿಯುತ್ತಿತ್ತು. ಈ ಹಾಳೆಯನ್ನೋ, ಹುಟ್ಟಿದ ಮಗುವಿನಿಂದ ಎಂಬತ್ತರ ಮುದುಕನವರೆಗೆ ಎಲ್ಲರೂ ಓಡುತ್ತ, ಕೆಮ್ಮುತ್ತ, ನಗುತ್ತ, ಹಗಲೂ ಇರುಳೂ ಎಳೆದಾಡುತ್ತಾರೆ. ಹರಿಯುವುದಿಲ್ಲ. ಇದನ್ನು ಯಾರೂ ನಮಗೆ ಮೊದಲೇ ಏಕೆ ಹೇಳಲಿಲ್ಲ?

ಇನ್ನು ಲೌಕಿಕ. ಮೊದಲ ದಿನ ನಾನು ತರಗತಿಗೆ ಕಾಲಿಟ್ಟೊಡನೆ ಹುಡುಗ ಹುಡುಗಿಯರೆಲ್ಲ ಮಾತು ನಿಲ್ಲಿಸಿದರು, ನಾನೇ ಅಧ್ಯಾಪಕನೆಂದು. ಒಡೆಟ್ ಬಂದ ಮೇಲೆ ಎಲ್ಲರಿಗೂ ತಿಳಿಯಿತು. ಮೊದಲ ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ. ನಿನ್ನ ಅಮ್ಮ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ, ನೀನು ಎರಡನೇ ಇಯತ್ತೆಯಲ್ಲಿ ಬರೆದ ಹಡಗಿನ ಚಿತ್ರದ ಪಕ್ಕ. ಆ ಚಿತ್ರ ಅಲ್ಲಿಂದ ಎಂದೂ ಕದಲಿಲ್ಲ. ನೋಡಿ ನೋಡಿ ನಾನು ಅದನ್ನು ನೋಡುವುದನ್ನೇ ಬಿಟ್ಟಿದ್ದೆ.

ನಿನ್ನ ತಂದೆ,
ಡ್ವೇನ್


ಹೆನ್ರಿ ವಾಲ್‌ಗ್ರೆನ್ ಹಡಗಿನಿಂದ
೧೫ ನವೆಂಬರ್

ಅಪ್ಪಾ,

ಇನಿಷಿಯಲ್ ಹೋಯ್ತು. ಸುಧಾರಣೆ ಇದೆ.

ಗಾಳಿ ಜಾಸ್ತಿಯಾಗಿ ವೈಟ್‌ಫಿಶ್ ಕೊಲ್ಲಿಯಲ್ಲಿ ಲಂಗರು ಹಾಕಿ ಕೂತಿದ್ದೀವಿ. ಹೊರಗೆ ಅಲೆ ನೋಡಿದರೆ ಸರೋವರ ಅನ್ನೋ ಹೆಸರು ಇಟ್ಟವರನ್ನ ಕರೆದುಕೊಂಡು ಬಂದು ತೋರಿಸಬೇಕು ಅನ್ನಿಸುತ್ತೆ.

ನಿನ್ನ ಕಾಗದಾನ ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿಬಿಟ್ಟೆ. ತಪ್ಪಾಯ್ತಾ? ಎಲ್ಲರೂ ಚಮಚ ಕೆಳಗಿಟ್ಟರು. ಅಡುಗೆಯವನು ಎದೆ ಮೇಲೆ ಕೈ ಇಟ್ಟು ನೋಡಿಕೊಂಡ. ಆಮೇಲೆ, "ಈಗೇನಪ್ಪಾ ಮಾಡೋದು? ಉಸಿರಾಡ್ತಿದೀನಿ ಅಂತ ನೆನಪಾಗಿಬಿಡ್ತು. ಮತ್ತೆ ಮರೆಯೋದು ಹೆಂಗೆ?" ಅಂದ. ಹ್ಯಾಲ್ವರ್ಸನ್, "ಹಂದಿ ಮಾಂಸದ ಸಾರು ಮಾಡಬೇಡ ಇವತ್ತು, ಅಷ್ಟು ಸಾಕು" ಅಂದ.

ಆ ಚಿತ್ರ ಇನ್ನೂ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಜನವರಿಯಲ್ಲಿ ಹಡಗು ಚಳಿಗಾಲಕ್ಕೆ ಕಟ್ಟಿಹಾಕ್ತಾರೆ. ರಿಪೇರಿ ಕೆಲಸ ಮುಗಿಸಿ ಫೆಬ್ರವರಿಯಲ್ಲಿ ಕೆಲವು ದಿನ ಬರ್ತೀನಿ. ಅಮ್ಮಂಗೆ ಏಲಕ್ಕಿ ಬ್ರೆಡ್ ಮಾಡೋಕೆ ಹೇಳು.

ಬ್ರೀಟಾ


ಪೈನ್ ಲ್ಯಾಂಡಿಂಗ್
೧೧ ಏಪ್ರಿಲ್

ಪ್ರಿಯ ಬ್ರೀಟಾ,

ಫೆಬ್ರವರಿಯಲ್ಲಿ ನೀನು ಬಂದೆ. ಇಬ್ಬರೂ ಸೇರಿ ಸೌನಾದ ಚಿಮಣಿ ರಿಪೇರಿ ಮಾಡಿದೆವು. ಚಿಮಣಿಯ ವಿಷಯ ಬಿಟ್ಟರೆ ಮಾತನಾಡಲು ಬೇರೇನೂ ಇಲ್ಲವೆಂಬಂತೆ ನಡೆದುಕೊಂಡೆವು. ಚಿಮಣಿ ಹೊಗೆಯನ್ನು ಚೆನ್ನಾಗಿ ಎಳೆಯುತ್ತಿದೆ. ಬೆಂಕಿ ಹೊತ್ತಿಸಿದಾಗಲೆಲ್ಲ ಅದನ್ನು ಗಮನಿಸುತ್ತೇನೆ.

ಈ ಸಲ ಹೇಳಬೇಕಾದವು ಮೂರಿವೆ. ಅವು ಒಂದಕ್ಕೊಂದು ಹೊಂದುವುದಿಲ್ಲ.

ಈಗ ವಾರದಲ್ಲಿ ಎರಡು ದಿನ ಆಸ್ಪತ್ರೆಯಲ್ಲಿ ಅಭ್ಯಾಸ. ಅಲ್ಲಿ ನಿಮೋನಿಯಾದಿಂದ ಮಲಗಿದ್ದ ಒಬ್ಬ ಮುದುಕಿ ಎರಡು ವಾರ ಯಂತ್ರದ ಉಸಿರಿನಲ್ಲಿದ್ದರು. ಕಳೆದ ಗುರುವಾರ ಕೊಳವೆ ತೆಗೆಯುವ ದಿನ. ಒಡೆಟ್ ತೆಗೆದರು, ನಾನು ಪಕ್ಕದಲ್ಲಿ ಆಮ್ಲಜನಕದ ಮುಖವಾಡ ಹಿಡಿದು ನಿಂತಿದ್ದೆ. ಕೊಳವೆ ಬಂತು. ಆಕೆ ಕೆಮ್ಮಿದರು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಕೋಣೆಯಲ್ಲಿದ್ದವರು ಯಾರೂ ಕದಲಲಿಲ್ಲ. ಆಮೇಲೆ ಆಕೆಯ ಎದೆ ಎದ್ದಿತು. ಯಂತ್ರ ಕೊಟ್ಟದ್ದಲ್ಲ, ನಾವು ಕೊಟ್ಟದ್ದಲ್ಲ. ಯಾರೂ ಕೊಡದ ಉಸಿರು. ಆಕೆ ಸುತ್ತ ನೋಡಿ, ಗೊಗ್ಗರು ದನಿಯಲ್ಲಿ ಆಡಿದ ಮೊದಲ ಮಾತು: "ನನ್ನ ಬೆಕ್ಕಿಗೆ ಯಾರು ಊಟ ಹಾಕ್ತಿದಾರೆ?"

ನಾನು ಅಲ್ಲಿಂದ ಹೊರಗೆ ಬಂದು ಮೊಗಸಾಲೆಯಲ್ಲಿ ಓಡಾಡುವವರನ್ನೆಲ್ಲ ನೋಡುತ್ತ ನಿಂತೆ. ನೆಲ ಒರೆಸುವವನು, ಹೂ ತಂದವಳು, ಎಲ್ಲರೂ ಉಸಿರಾಡುತ್ತಿದ್ದರು. ಯಾರಿಗೂ ಆಶ್ಚರ್ಯವಿರಲಿಲ್ಲ.

ಎರಡನೆಯದು. ಸೋಮವಾರ ನಾನು ಅನುತ್ತೀರ್ಣನಾದೆ. ಬರೆಯುವ ಪರೀಕ್ಷೆಯಲ್ಲಲ್ಲ, ಕೈಕೆಲಸದ್ದರಲ್ಲಿ. ಅಭ್ಯಾಸದ ಕೋಣೆಯಲ್ಲಿ ಉಸಿರಾಡುವ ಗೊಂಬೆಯೊಂದು ಮಂಚದ ಮೇಲಿರುತ್ತದೆ, ಪಕ್ಕದಲ್ಲಿ ಯಂತ್ರ. ಎಚ್ಚರಿಕೆಯ ಗಂಟೆ ಹೊಡೆಯಿತು. ಒತ್ತಡ ಮಿತಿ ಮೀರಿದೆ ಎಂದು ಪರದೆ ಹೇಳಿತು. ನಾನು ನೇರ ಪರದೆಗೆ ಹೋದೆ, ಗೆರೆಗಳನ್ನು ಓದಿದೆ, ಯಂತ್ರದ ಅಳತೆಗಳನ್ನು ಹೊಂದಿಸಿದೆ, ಗಂಟೆ ನಿಂತಿತು. ಕೆಲಸ ಅಚ್ಚುಕಟ್ಟಾಗಿತ್ತು. ನನಗೆ ಸಮಾಧಾನವೂ ಆಗಿತ್ತು.

ಒಡೆಟ್ ಕೈಕಟ್ಟಿ ನಿಂತಿದ್ದರು. "ಡ್ವೇನ್, ನಿಮ್ಮ ಯಂತ್ರ ಆರೋಗ್ಯವಾಗಿದೆ. ಅದರ ಪಕ್ಕದಲ್ಲಿದ್ದೋರು ಹೋಗ್ಬಿಟ್ರು."

ತಿರುಗಿ ನೋಡಿದೆ. ಗೊಂಬೆಯ ತಲೆ ಒಂದು ಕಡೆ ವಾಲಿತ್ತು. ದಿಂಬಿನ ಅಡಿಯಲ್ಲಿ ಕೊಳವೆ ಮಡಚಿತ್ತು. ಎದೆ ಆಡುತ್ತಿರಲಿಲ್ಲ. ಕೊಳವೆ ನೇರ ಮಾಡಿದ್ದರೆ ಸಾಕಿತ್ತು. ಅದೂ ಹೊಳೆಯದಿದ್ದರೆ ಯಂತ್ರವನ್ನು ಬಿಚ್ಚಿ, ಚೀಲ ಒತ್ತಿ, ಕೈಯಿಂದಲೇ ಉಸಿರು ಕೊಡಬೇಕಿತ್ತು.

"ಮೊದಲು ರೋಗೀನ ನೋಡ್ಬೇಕು. ಇದು ನಿಮಗೆ ಗೊತ್ತು. ಬರೆದು ಕೊಟ್ಟಿದ್ರಿ ಕೂಡ, ಪೂರ್ತಿ ಅಂಕ ಹಾಕಿದೀನಿ ನಾನೇ. ಯಾಕೆ ನೋಡ್ಲಿಲ್ಲ?"

ಏಕೆಂದು ನನಗೆ ತಿಳಿದಿತ್ತು. ಗಿರಣಿಗೆ ಸೇರಿದ ಮೊದಲ ದಿನ ಕಲಿಸುವುದೇ ಇದು: ಗಂಟೆ ಹೊಡೆದರೆ ಕಣ್ಣು ಮಾಪಕಗಳ ಫಲಕದ ಮೇಲೆ, ಕೈ ಜೇಬಿನೊಳಗೆ. ಓಡುವ ಯಂತ್ರದ ಹತ್ತಿರ ಹೋದವರ ಬೆರಳು ಉಳಿಯುವುದಿಲ್ಲ. ನನ್ನ ಹತ್ತೂ ಬೆರಳು ಉಳಿದಿರುವುದು ಆ ಅಭ್ಯಾಸದಿಂದ. ಮೂವತ್ತು ವರ್ಷ ನನ್ನನ್ನು ಕಾಪಾಡಿದ್ದು ಆ ಗೊಂಬೆಯನ್ನು ಕೊಂದಿತು. ಒಡೆಟ್‌ಗೆ ಇದನ್ನು ಹೇಳಿದೆ. ಅವರು ನಗಲಿಲ್ಲ. "ಗಿರಣಿಯಿಂದ ಬಂದೋರೆಲ್ಲ ಇಲ್ಲೇ ಎಡವೋದು. ಇನ್ನೊಂದು ಅವಕಾಶ ಇದೆ. ಒಂದೇ," ಎಂದರು.

ಮರುಪರೀಕ್ಷೆ ಮೇ ಏಳರಂದು. ಅದರಲ್ಲೂ ಎಡವಿದರೆ ಈ ತರಬೇತಿಯಲ್ಲಿ ನನ್ನ ಸ್ಥಾನ ಹೋಗುತ್ತದೆ, ರಾಜ್ಯದ ನೆರವೂ ಅಲ್ಲಿಗೆ ನಿಲ್ಲುತ್ತದೆ.

ಮೂರನೆಯದು. ಗಿರಣಿಯನ್ನು ಹೊಸಬರು ಕೊಂಡಿದ್ದಾರೆ. ರಟ್ಟು ತಯಾರಿಸಲು ಎರಡನೇ ಯಂತ್ರವನ್ನು ಮತ್ತೆ ಓಡಿಸುತ್ತಾರಂತೆ. ವೆಸ್ ಟ್ರೆಂಬಾತ್ ಆಗಲೇ ಸೇರಿಕೊಂಡಿದ್ದಾನೆ. ನಿನಗೆ ಗೊತ್ತಲ್ಲ, ಆ ಯಂತ್ರವನ್ನು ಓಡಿಸುತ್ತಿದ್ದವನು ಅವನು, ಅದರ ಮಾಪಕಗಳನ್ನು ನೋಡಿಕೊಳ್ಳುತ್ತಿದ್ದವನು ನಾನು. ನನಗೂ ಕರೆ ಬಂದಿದೆ, ಹಳೆಯ ಸಂಬಳಕ್ಕೇ. ಮೇ ಎಂಟರೊಳಗೆ ಉತ್ತರ ಕೊಡಬೇಕು.

ನಿನ್ನ ಅಭಿಪ್ರಾಯ ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ ಅಷ್ಟೇ.

ಡ್ವೇನ್


ಹೆನ್ರಿ ವಾಲ್‌ಗ್ರೆನ್ ಹಡಗಿನಿಂದ
೨೧ ಏಪ್ರಿಲ್

ಅಪ್ಪಾ,

ಕೇಳಿಲ್ಲವಲ್ಲ, ಹಾಗಾಗಿ ಗಿರಣಿಗೆ ಹೋಗು ಅಂತಲೂ ಹೇಳಲ್ಲ, ಹೋಗಬೇಡ ಅಂತಲೂ ಹೇಳಲ್ಲ. ಕೆಲಸದ ವಿಷಯದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಬುದ್ಧಿ ಹೇಳಿದ್ದು ಸಾಕು.

ಒಂದು ಕಥೆ ಹೇಳ್ತೀನಿ. ಈ ಸಲ ನನಗೆ ಚುಕ್ಕಾಣಿ ಹಿಡಿಯೋಕೆ ಕಲಿಸ್ತಿದ್ದಾರೆ. ಮೊದಲ ದಿನ ನದಿಯಲ್ಲಿ ನಾನು ರೇಡಾರ್ ಪರದೆಯನ್ನೇ ದಿಟ್ಟಿಸುತ್ತಾ ನಿಂತಿದ್ದೆ. ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ, ದಡ, ದೋಣಿ, ಎಲ್ಲ ಚುಕ್ಕಿ ಚುಕ್ಕಿಯಾಗಿ. ಹ್ಯಾಲ್ವರ್ಸನ್ ಹಿಂದಿನಿಂದ ಬಂದು ತನ್ನ ಟೋಪಿ ತೆಗೆದು ಪರದೆ ಮೇಲೆ ನೇತುಹಾಕಿಬಿಟ್ಟ. "ಏನೋ ಮಾಡ್ತಿದೀಯ?" ಅಂತ ಕಿರುಚಿದೆ. "ಕಿಟಕಿ ಇಟ್ಟಿರೋದು ಯಾಕೆ ಹುಡುಗಿ, ಗಾಳಿಗಾ?" ಅಂದ. ತಲೆ ಎತ್ತಿದರೆ ಮುಂದೆಯೇ ಮೀನು ಹಿಡಿಯೋ ಪುಟ್ಟ ದೋಣಿ, ಅದರಲ್ಲಿ ತಾತ ಒಬ್ಬ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಪರದೆಯಲ್ಲಿ ಅವನೂ ಒಂದು ಚುಕ್ಕಿ.

ಮೂರು ದಿನ ಟೋಪಿ ಅಲ್ಲೇ ಇತ್ತು. ನಾಲ್ಕನೇ ದಿನ ತೆಗೆದ. ಆಮೇಲೆ ಪರದೆ ನೋಡಿದರೂ ಕಣ್ಣು ತಾನಾಗಿ ಮೊದಲು ಹೊರಗೆ ಹೋಗುತ್ತೆ.

ನಿನ್ನ ಹತ್ತಿರ ಟೋಪಿ ಇದೆ. ಗಿರಣಿಯವರು ಕೊಟ್ಟಿದ್ದು, ಹಸಿರು. ಬಾಗಿಲ ಹಿಂದೆ ನೇತಾಡ್ತಿತ್ತು ಫೆಬ್ರವರಿಯಲ್ಲಿ.

ಬ್ರೀಟಾ


ಪೈನ್ ಲ್ಯಾಂಡಿಂಗ್
೪ ಮೇ

ಪ್ರಿಯ ಬ್ರೀಟಾ,

ಟೋಪಿ ಸಿಕ್ಕಿತು. ಅದು ಈಗ ಅಡುಗೆಮನೆಯ ರೇಡಿಯೊದ ಮೇಲಿದೆ. ರೇಡಿಯೊವೇ ನಮ್ಮ ಯಂತ್ರ. ಎಚ್ಚರಿಕೆಯ ಗಂಟೆಯ ಬದಲು ಕೇಕ್ ಬೇಯಿಸುವಾಗ ಇಡುವ ಪುಟ್ಟ ಗಡಿಯಾರ. ರೋಗಿ ನಿನ್ನ ಅಮ್ಮ.

ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದವಳು ಸೋಫಾದ ಮೇಲೆ ಮಲಗುತ್ತಾಳೆ. ಗಡಿಯಾರವನ್ನು ತನಗೆ ಬೇಕಾದ ಹೊತ್ತಿಗೆ ತಿರುಗಿಸಿ ದಿಂಬಿನ ಕೆಳಗೆ ಬಚ್ಚಿಡುತ್ತಾಳೆ. ಅದು ಹೊಡೆದಾಗ ನಾನು ಮನೆಯಲ್ಲಿ ಎಲ್ಲಿದ್ದರೂ ಬಂದು ಮೊದಲು ಅವಳನ್ನು ನೋಡಬೇಕು. ಮುಖದ ಬಣ್ಣ, ಎದೆ, ಆಮೇಲೆ ಕೊಳವೆ, ಕಟ್ಟಕಡೆಗೆ ಯಂತ್ರ. ಮೊದಲ ದಿನ ಪ್ರತಿ ಸಲವೂ ನನ್ನ ಕಣ್ಣು ರೇಡಿಯೊದ ಕಡೆಗೇ ಹೋಯಿತು.

"ಸತ್ತೆ ನಾನು," ಎಂದು ಸೋಫಾದಿಂದ ಘೋಷಿಸಿದಳು. "ಮತ್ತೆ ಸತ್ತೆ. ಇಷ್ಟು ಸಲ ಸಾಯೋಕೆ ನಂಗೆ ಸಂಬಳ ಕೊಡ್ತೀಯಾ?"

"ಕಣ್ಣು ಮುಚ್ಕೋ ಡಾರ್ಲಾ, ಸತ್ತೋರು ಮಾತಾಡಲ್ಲ."

"ನಾನು ಸತ್ರೂ ಮಾತಾಡ್ತೀನಿ, ನೋಡ್ತಿರು."

ನಿನ್ನೆ ಸಂಜೆ ಗಡಿಯಾರ ಹೊಡೆಯಿತು. ಹೊರಗೆ ಕಟ್ಟಿಗೆ ಜೋಡಿಸುತ್ತಿದ್ದವನು ಒಳಗೆ ಬಂದೆ. ಕಣ್ಣು ತಾನಾಗಿ ಅವಳ ಮೇಲೆ ಹೋಯಿತು. ಅವಳು ನಿಜವಾಗಿಯೇ ನಿದ್ದೆ ಹೋಗಿದ್ದಳು. ಗಡಿಯಾರ ಬಡಿದುಕೊಳ್ಳುತ್ತಲೇ ಇತ್ತು, ಅವಳಿಗೆ ಎಚ್ಚರವಿಲ್ಲ. ಅದನ್ನು ನಿಲ್ಲಿಸಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತೆ.

ಬಲ ಪಕ್ಕೆ ಎಡಕ್ಕಿಂತ ಕೂದಲೆಳೆಯಷ್ಟು ಮೊದಲು ಏಳುತ್ತದೆ. ಒಳಗೆ ತೆಗೆದುಕೊಳ್ಳುವುದು ಬೇಗ, ಬಿಡುವುದು ನಿಧಾನ, ಬಿಟ್ಟ ಮೇಲೆ ಪುಟ್ಟದೊಂದು ಬಿಡುವು. ಆ ಬಿಡುವಿನಲ್ಲಿ ಪ್ರತಿ ಸಲವೂ ನಾನು ಕಾದೆ. ಪ್ರತಿ ಸಲವೂ ಬಂತು. ಇಪ್ಪತ್ತೆಂಟು ವರ್ಷ ನಾನು ಈ ಉಸಿರಿನ ಪಕ್ಕದಲ್ಲಿ ಮಲಗಿದ್ದೇನೆ. ನನ್ನ ಜೀವಮಾನದಲ್ಲಿ ನೋಡಿದ ಯಾವ ಯಂತ್ರವನ್ನೂ ಇದರ ಹತ್ತಿರ ತರಲಾರೆ; ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಅವಳು ಕಣ್ಣು ತೆರೆದು, "ಏನದು ಹಂಗೆ ನೋಡ್ತಿದೀಯ? ಉಳಿದ್ನಾ?" ಎಂದಳು.

"ಉಳಿದೆ," ಎಂದೆ.

ಇದರ ಹಿಂದಿನ ಶನಿವಾರ ವೆಸ್ ಸೌನಾಕ್ಕೆ ಬಂದಿದ್ದ. ಮೇಲಿನ ಹಲಗೆಯ ಮೇಲೆ ಕೂತು ಕಾದ ಕಲ್ಲಿಗೆ ನೀರು ಎರಚಿದ. ಆಮೇಲೆ ಕೇಳಿದ.

"ಲೇ ಡ್ವೇನ್, ಬರ್ತೀಯೋ ಇಲ್ವೋ? ನೀನಿಲ್ದೆ ಆ ಮುದಿ ಯಂತ್ರ ನನ್ನ ಮಾತು ಕೇಳಲ್ಲ."

"ಏಳನೇ ತಾರೀಖು ಪರೀಕ್ಷೆ ಇದೆ."

"ಗೊತ್ತು. ಉತ್ತರ ಕೊಡೋದು ಎಂಟಕ್ಕೆ. ಕಾಯಿ. ಪಾಸಾದ್ರೆ ಬರಲ್ಲ ಅನ್ನು, ಫೇಲಾದ್ರೆ ಬಂದ್ಬಿಡು. ಯಾವ ದಡ್ಡನಿಗಾದ್ರೂ ತಿಳಿಯೋ ಲೆಕ್ಕ ಇದು. ದೇವ್ರು ತಾರೀಖನ್ನೂ ಹೊಂದಿಸಿಕೊಟ್ಟಿದಾನಲ್ಲೋ ನಿಂಗೆ!"

ನಿನ್ನ ಅಮ್ಮನೂ ಅದನ್ನೇ ಹೇಳಿದಳು. ಲೆಕ್ಕ ಸರಿಯಾಗಿಯೇ ಇದೆ. ನಾನೂ ತಪ್ಪು ಹುಡುಕಿ ನೋಡಿದೆ, ಸಿಗಲಿಲ್ಲ. ಆದರೂ ಈ ಅಭ್ಯಾಸ ಶುರುವಾದಾಗಿನಿಂದ ಗಡಿಯಾರ ಹೊಡೆದಾಗ ಒಂದು ಸಂಗತಿ ಗಮನಕ್ಕೆ ಬಂತು. ಗಿರಣಿಯ ಕರೆಯನ್ನು ಜೇಬಿನಲ್ಲಿಟ್ಟುಕೊಂಡು ಪರೀಕ್ಷೆಯ ಕೋಣೆಗೆ ಹೋದರೆ, ನನ್ನ ಕೈ ಜೇಬಿನಲ್ಲಿ ಇದ್ದಂತೆಯೇ. ಕಣ್ಣು ಮತ್ತೆ ಫಲಕ ಹುಡುಕುತ್ತದೆ. ಅಲ್ಲಿರುವುದು ಗೊಂಬೆ, ಅದಕ್ಕೇನೂ ಆಗುವುದಿಲ್ಲ. ಆದರೆ ಬೆಕ್ಕಿನ ಚಿಂತೆಯ ಆ ಮುದುಕಿ ಗೊಂಬೆಯಲ್ಲ.

ವೆಸ್‌ಗೆ ಇದನ್ನೆಲ್ಲ ಹೇಳಲು ನನಗೆ ಬರಲಿಲ್ಲ. ಶುಲ್ಕದ ಕಿಟಕಿಯ ಹೆಂಗಸು ಹೇಳಿದ್ದನ್ನು ಹೇಳಿದೆ. "ನನ್ನ ಓದಿಗೆ ಎಲ್ಲರೂ ಕಟ್ತಿದಾರೆ ವೆಸ್. ನಿನ್ನ ತೆರಿಗೇನೂ ಅದ್ರಲ್ಲಿದೆ."

"ಹೌದಾ? ಹಾಗಾದ್ರೆ ನನ್ನ ಪಾಲು ವಾಪಸ್ ಕೊಡು," ಎಂದ.

ಕಲ್ಲಿಗೆ ಇನ್ನೊಂದು ಸೌಟು ನೀರು ಹಾಕಿದ. ಆವಿ ಎದ್ದಿತು. ಅವನಿಗೆ ಕೆಮ್ಮು ಬಂತು. ಆ ಕೆಮ್ಮನ್ನು ಇಷ್ಟು ವರ್ಷ ನಾನು ಗಿರಣಿಯ ಗದ್ದಲದೊಳಗೆ ಕೇಳಿದ್ದೆ, ಅಲ್ಲಿ ಅದು ಕೆಮ್ಮಿನಂತೆ ಕೇಳಿಸುತ್ತಿರಲಿಲ್ಲ. ಅವನ ಹೆಗಲು ಕಿವಿಯವರೆಗೆ ಏರುವುದನ್ನು, ಕತ್ತಿನ ನರ ಬಿಗಿಯುವುದನ್ನು ನೋಡಿದೆ. ಉಸಿರು ಬಿಡುವಾಗ ತುಟಿ ಕೂಡಿಸುತ್ತಾನೆ, ಬಿಸಿ ಕಾಫಿ ಆರಿಸುವವನಂತೆ. ಅದು ಸವೆದ ಶ್ವಾಸಕೋಶದ ಗುರುತೆಂದು ಈಗ ನನಗೆ ಗೊತ್ತು. ನಾನು ನೋಡುತ್ತಿರುವುದು ಅವನಿಗೂ ತಿಳಿಯಿತು.

"ನಾಳೆನೇ ಡಾಕ್ಟರ ಹತ್ರ ಹೋಗ್ಬೇಕು ನೀನು," ಎಂದೆ.

"ಬಾಯಿ ಮುಚ್ಚು." ಬೆವರು ಒರೆಸಿಕೊಂಡ. ಆಮೇಲೆ ಬಹಳ ಮೆಲ್ಲಗೆ, "ಇಟ್ಕೋ ನನ್ನ ಪಾಲು. ಹುಡುಗನಾಗಿದ್ದಾಗಿಂದ ಸೇದಿದೀನಿ. ಒಂದಿನ ನಂಗೇ ಬೇಕಾಗ್ಬೋದು. ಆದ್ರೆ ಗಂಟೆ ಹೊಡೆದಾಗ ಯಂತ್ರ ನೋಡ್ತಾ ನಿಂತ್ಯೋ, ಎದ್ದು ಬಂದು ಒದೀತೀನಿ," ಎಂದ. ಸೋಮವಾರ ಅವನು ಡಾಕ್ಟರ ಬಳಿ ಹೋದನೆಂದು ಅವನ ಹೆಂಡತಿ ನಿನ್ನ ಅಮ್ಮನಿಗೆ ಹೇಳಿದ್ದಾಳೆ. ಅವನು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಎರಡನೇ ಯಂತ್ರಕ್ಕೆ ಯಾರು ಬಂದರೂ, ಅದರ ಚಾಳಿಗಳನ್ನು ಶನಿವಾರಗಳಲ್ಲಿ ಹೇಳಿಕೊಡುವುದಾಗಿ ಒಪ್ಪಿಕೊಂಡಿದ್ದೇನೆ.

ಈ ಕಾಗದ ಬಕೆಟ್ಟಿನಲ್ಲಿ ನಿನ್ನ ಕೈಗೆ ಏರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ಫಲಿತಾಂಶವನ್ನು ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ, ಅದು ಏನೇ ಇರಲಿ. ನಾನು ನಿರ್ಧರಿಸಿದ್ದು ಮಾತ್ರ ಇದು: ಪರೀಕ್ಷೆಗೆ ಮೂರು ದಿನ ಇರುವಾಗಲೇ, ಇಂದು ಬೆಳಿಗ್ಗೆ, ಗಿರಣಿಯ ಕಚೇರಿಗೆ ಹೋಗಿ ನಾನು ಬರುವುದಿಲ್ಲವೆಂದು ಹೇಳಿ ಬಂದೆ.

ಅಪ್ಪ